ಮಡಿಲ ಗೆಣಸು

“ಸೆರಗ ಕೊಡವೇ, ಲೌಡಿ. ಜೇನುಮೇಣ ಎಲ್ಲಿ ಮಡಗಿದ್ದೀಯೆ? ಕಾಡೇನು ನಿಮ್ಮಪ್ಪಂದಾ?”

ಸರಗೂರಿನಾಚೆಯ ಕಾಡಿನ ಗೇಟಿನಲ್ಲಿ ಗಾರ್ಡು ಪುಟ್ಟಮಲ್ಲಪ್ಪ ಗದರಿದ್ದು ಮುದುಕಿ ಕೇತಿಯನ್ನು. ಅವಳು ಸೌದೆ ಹೊರೆ ಇಳಿಸಿ ಸೆರಗು ಕೊಡವಿದಳು. ಬೆಳಗಿನಿಂದ ಕಾಡುಗೆಣಸಿನ ಬಳ್ಳಿ ಹುಡುಕಿ ಹುಡುಕಿ ಸೊಂಟ ಬಿದ್ದುಹೋಗಿತ್ತು. ಎದುರಾಡುವುದಕ್ಕೂ ಉಸಿರು ಬೇಕಲ್ಲ. ಗಾರ್ಡು ಅವಳ ಸೊಂಟ, ಕಂಕುಳು ಎಲ್ಲ ತಡವಿ, ಏನೂ ಸಿಗದೆ ಪಕ್ಕಕ್ಕೆ ತಳ್ಳಿದ. ಇದು ದಿನದ ಪಾಡು.

ಕೇತಿಗೆ ತನ್ನ ಚಿಂತೆ ಇರಲಿಲ್ಲ. ಹಿಂದೆ ನಿಂತ ಮೊಮ್ಮಗಳು ಚೆನ್ನಿಯ ಮಡಿಲಲ್ಲಿ ವರ್ಷದ ಮೊದಲ ಗೆಣಸಿತ್ತು. ಅವರ ಹಾಡಿಯ ಜನ ಅದನ್ನು ಬುಟ್ಟಿಗೆ ಹಾಕುವುದಿಲ್ಲ. ಹೊಸದಾಗಿ ದೊಡ್ಡವಳಾದ ಹುಡುಗಿ ಮಡಿಲಲ್ಲಿ ಕಟ್ಟಿ ತಂದು ತಾಯಿದೇವರ ಕಲ್ಲಿನ ಮುಂದೆ ಇಡಬೇಕು. ದಾರಿಯಲ್ಲಿ ಗಂಡಸಿನ ಕೈ ತಾಗಿತೋ, ಆ ವರ್ಷವೆಲ್ಲ ಯಾರೂ ಬಳ್ಳಿಯ ಬುಡಕ್ಕೆ ಅಗೆಯುವ ಕೋಲು ಹಾಕುವಂತಿಲ್ಲ. ಆಮೇಲೆ ಹಾಡಿ ತಿನ್ನುವುದೇನು, ಮಣ್ಣೇ?

ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದವರು ಮೈಸೂರಿನ ವಿದ್ವಾಂಸ ರುದ್ರಸ್ವಾಮಿಗಳು. ಬಿಳಿಯರ ಕಾಲದಲ್ಲಿ ಕಾಡಿನ ಹೆಂಗಸರನ್ನು ಹೇಗೆ ನಡೆಸಿಕೊಂಡರು ಎಂದು ಪುಸ್ತಕ ಬರೆಯಲು ಬಂದವರು. ದೊಡ್ಡ ಮನಸ್ಸು, ಬಂದಾಗಿನಿಂದ ಮರುಗುತ್ತಲೇ ಇದ್ದರು. ಕೇತಿಯ ಅಕ್ಕನನ್ನು ಬಿಳಿ ದೊರೆಯೊಬ್ಬ ಇದೇ ಗೇಟಿನಲ್ಲಿ ತಡೆದು ಬಂಗಲೆಗೆ ಎಳೆದೊಯ್ದನಂತೆ, ನಿಜವೇ ಎಂದು ಕೇಳಿದರು.

“ದಿಟ ಬುದ್ಧಿ. ಎಲ್ಲಾ ಯೋಳ್ತೀನಿ. ಮೊದ್ಲು ನಮ್ ಮಗೀನ ಮುಟ್ಟಬ್ಯಾಡ ಅಂತ ಗಾರ್ಡಪ್ಪಂಗೆ ಒಂದ್ ಮಾತ್ ಯೋಳಿ.”

ಅದು ಸರ್ಕಾರದ ಕೆಲಸ, ತಾವು ನಡುವೆ ಬರುವ ಹಾಗಿಲ್ಲ ಎಂದರು ಅವರು. ದೊರೆಗಳು ಹೋಗಿ ಏಳೆಂಟು ವರ್ಷವಾಯಿತು, ಈಗ ನಮ್ಮದೇ ರಾಜ್ಯ, ಹೆದರಬೇಡ ಎಂದೂ ಸೇರಿಸಿದರು. “ಆ ದೊರೆ ಹೆಂಗಸರ ಮೈ ಹೇಗೆ ತಡವಿ ಹುಡುಕ್ತಿದ್ದ? ಸ್ವಲ್ಪ ತೋರಿಸಮ್ಮ.”

ಅಷ್ಟರಲ್ಲಿ ಗಾರ್ಡು ಚೆನ್ನಿಯ ಮಡಿಲಿನತ್ತ ಕೈ ನೀಡಿದ್ದ.

ಕೇತಿ ನೇರ ಕುರ್ಚಿಯ ಬಳಿಗೆ ಹೋದಳು. ರುದ್ರಸ್ವಾಮಿಗಳ ಹೆಗಲ ಮೇಲಿನ ಶಾಲು ಎಳೆದು ಬಿಸಾಡಿದಳು. ಮಣ್ಣು ಮೆತ್ತಿದ ಕೈಯನ್ನು ಅಂಗಿಯೊಳಗೆ ತೂರಿಸಿ ಎದೆ ತಡವಿದಳು. ಇನ್ನೊಂದು ಕೈ ಪಂಚೆಯ ಗಂಟನ್ನು ಹಿಡಿಯಿತು. ಗಾರ್ಡು ನೀಡಿದ ಕೈಯನ್ನು ಹಿಂತೆಗೆದು ದೊಣ್ಣೆ ಎತ್ತಿಕೊಂಡು ಓಡಿಬಂದ. ಚೆನ್ನಿ ಮಡಿಲನ್ನು ಅವುಚಿಕೊಂಡು ಗೇಟಿನ ಅಡ್ಡಮರದ ಕೆಳಗೆ ನುಸುಳಿ ಹಾಡಿಯ ದಾರಿ ಹಿಡಿದಳು.

“ಛೀ, ಬೇಡ, ಬಿಡು ನನ್ನ,” ಎಂದರು ರುದ್ರಸ್ವಾಮಿಗಳು.

“ನಮ್ಮಕ್ಕಾನೂ ಇಂಗೇ ಅಂದ್ಲು ಬುದ್ಧಿ,” ಎಂದಳು ಕೇತಿ. “ದೊರೆ ಬುಡ್ನಿಲ್ಲ.”

ಬೆನ್ನಿನ ಮೇಲೆ ಮೊದಲ ಏಟು ಬಿತ್ತು. ಅವಳೂ ಬಿಡಲಿಲ್ಲ.