ಕುಡಿಯದವನ ಲಿವರ್

ಮನೆಯವರು ಬೇಡವೆಂದು ಕೈ ಅಡ್ಡ ಹಿಡಿದರೂ ಆ ಕೈಯನ್ನು ಸರಿಸಿ ತಾಟಿಗೆ ಇನ್ನೊಂದು ಚಮಚ ತುಪ್ಪ ಸುರಿದವರು ನೀವಲ್ಲವೇ? ಅದನ್ನೇ ಪ್ರೀತಿಯೆಂದು ಕರೆದವರೂ ನೀವೇ ಅಲ್ಲವೇ?

ತಿಕೋಂಡಿಯ ಹಜರಾಬಿಯೂ ಹಾಗೆಯೇ ಕರೆದಿದ್ದಳು. ಅವಳ ಗಂಡ ಬಾದಶಹಾನದು ಅರಿವೆ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಗಾದಿಯ ಮೇಲೆ ಕುಳಿತೇ ಇರಬೇಕು. ಬಂದ ಗಿರಾಕಿಗೆಲ್ಲ ಚಹಾ ತರಿಸಬೇಕು. ತರಿಸಿದ ಮೇಲೆ ತಾನೂ ಜೊತೆಗೂಡಿ ಕುಡಿಯದಿದ್ದರೆ ಮರ್ಯಾದೆಯಲ್ಲ. ಹೊಟ್ಟೆಯು ಅಂಗಿಯ ಗುಂಡಿಗಳೊಡನೆ ಜಗಳಕ್ಕೆ ನಿಂತಿತು. ಹಜರಾಬಿಗೆ ಅದೇ ಹೆಮ್ಮೆ. ನೆರೆಮನೆಯ ರುಕ್ಮವ್ವನ ಗಂಡ ಅಣ್ಣಾರಾಯ ಕಳೆದ ವರ್ಷ ತೆಳ್ಳಗಾದಾಗ, "ಏನವ್ವಾ, ನಿಮ್ಮನ್ಯಾಗ ಹಿಟ್ಟ ತೀರೈತೇನ?" ಎಂದು ಛೇಡಿಸಿದವಳು ಅವಳು.

ಅಂಥ ಮನೆಯಲ್ಲಿ ಬಾದಶಹಾ ಇದ್ದಕ್ಕಿದ್ದಂತೆ ಊಟ ಬಿಟ್ಟ. ಬೆಳಿಗ್ಗೆ ಹಸಿವಿಲ್ಲವೆಂದ, ರಾತ್ರಿ ಒಲ್ಲೆನೆಂದ, ಕಾರಣ ಕೇಳಿದರೆ ಮುಖ ತಿರುವಿದ. ತನ್ನ ಅಡಿಗೆ ಬೇಸರವಾಯಿತೋ, ತಾನೇ ಬೇಸರವಾದೆನೋ ಎಂದು ಹಜರಾಬಿ ಒಲೆಯ ಮುಂದೆ ಕಣ್ಣೊರೆಸಿಕೊಂಡಳು. ಒಂದು ಮಧ್ಯಾಹ್ನ ಅವನು ಬಟ್ಟೆ ಅಳೆಯುತ್ತಿದ್ದಂತೆಯೇ ತಲೆ ತಿರುಗಿ ಬಿದ್ದ. ಮನೆಗೆ ಕರೆತಂದೊಡನೆ ಅವಳು ಚಪಾತಿ ಮುರಿದು, ಬೆಲ್ಲ ತುಪ್ಪ ಕಲಸಿ ಮಲೀದ ಮಾಡಿಟ್ಟಳು. ಅವನು ತಾಟು ದೂಡಿದ.

ಸುದ್ದಿ ಕೇಳಿ ರುಕ್ಮವ್ವ ಓಡಿ ಬಂದಳು. ಅವಳ ಒತ್ತಾಯಕ್ಕೆ ಬಾದಶಹಾ ಮುಚ್ಚಿಟ್ಟದ್ದನ್ನು ಬಿಚ್ಚಿದ. ಹೊಟ್ಟೆನೋವೆಂದು ವಿಜಯಪುರದಲ್ಲಿ ಸೋನೋಗ್ರಾಫಿ ಮಾಡಿಸಿದ್ದ. ಲಿವರಿನಲ್ಲಿ ಕೊಬ್ಬು ಕೂತಿದೆ, ತೂಕ ಇಳಿಸಬೇಕು ಎಂದಿದ್ದರು ಡಾಕ್ಟರು. ಉಳಿದ ಮಾತು ಕೇಳದೆ ಅವನು ಎದ್ದು ಬಂದು, ಯಾರಿಗೂ ತಿಳಿಯದಂತೆ ಉಪವಾಸದಿಂದಲೇ ತೂಕ ಇಳಿಸಲು ಹೊರಟಿದ್ದ.

"ಲಿವರ್ ಕೆಡೂದು ಕುಡುಕರಿಗೆ, ಅಕ್ಕಾ. ನಾ ಜನ್ಮದಾಗ ಸೆರಿ ಮುಟ್ಟಿಲ್ಲ. ಮಂದಿಗೆ ಯಾವ ಮಾರಿ ತೋರಿಸ್ಲಿ?"

ರೋಗಿಗೆ ಔಷಧಕ್ಕಿಂತ ಮೊದಲು ಕಳಂಕ ಹಚ್ಚುವ ನಮ್ಮ ನಾಲಿಗೆಗಳಿಗೆ ನಾಚಿಕೆಯಾಗಬೇಕು. ಆ ನಾಲಿಗೆಗಳ ಭಯಕ್ಕೇ ಒಬ್ಬ ಸಜ್ಜನ ಹಸಿವಿನಿಂದ ನೆಲಕ್ಕೆ ಬಿದ್ದಿದ್ದ.

ರುಕ್ಮವ್ವ ನಕ್ಕಳು. "ನಮ್ಮ ಮನಿಯವರೇನ ಕುಡೀತಿದ್ರೇನಣ್ಣಾ? ಅವರಿಗೂ ಇದ ಆಗಿತ್ತು. ಸಕ್ಕರಿ, ಎಣ್ಣಿ, ಕುಂತ ಮೈ, ಇಷ್ಟ ಸಾಕ ಇದಕ್ಕ. ಆದ್ರ ಉಪಾಸ ಬೀಳಬ್ಯಾಡ್ರಿ. ಒಮ್ಮಿಗೇ ತೂಕ ಇಳಿಸಿದ್ರೂ ಲಿವರಿಗೆ ತ್ರಾಸ ಆಗ್ತೈತಿ."

ಡಾಕ್ಟರು ಅಣ್ಣಾರಾಯನಿಗೆ ತಿಳಿಸಿದ್ದನ್ನೆಲ್ಲ ಅವಳು ಬಿಡಿಸಿ ಹೇಳಿದಳು. ಈ ರೋಗ ಮೊದಮೊದಲು ನೋವು ತೋರುವುದಿಲ್ಲ. ಅಲಕ್ಷಿಸಿದರೆ ಲಿವರ್ ಬಾತು, ಗಾಯಗಟ್ಟಿ ಗಡುಸಾಗಬಹುದು. ಆದರೆ ಮೈತೂಕದ ಹತ್ತರಲ್ಲಿ ಒಂದು ಪಾಲನ್ನು ಕೆಲವು ತಿಂಗಳುಗಳಲ್ಲಿ ಸಾವಕಾಶವಾಗಿ ಇಳಿಸಿದರೂ ಕೊಬ್ಬು ಬಹಳ ಮಟ್ಟಿಗೆ ಕರಗುತ್ತದೆ. ಸಕ್ಕರೆಯ ಚಹಾ, ಶರಬತ್ತು, ಭಜಿ ದೂರವಿರಲಿ. ರೊಟ್ಟಿ ಮಿತವಾಗಿರಲಿ, ಮಡಕಿಕಾಳು, ಸೊಪ್ಪು, ಸೌತೆಕಾಯಿ ತಾಟು ತುಂಬಲಿ. ದಿನವೂ ಬಿರುಸಾಗಿ ನಡೆಯಬೇಕು. ಡಾಕ್ಟರನ್ನು ಕೇಳದೆ ಯಾವ ಗಿಡಮೂಲಿಕೆಯನ್ನೂ ಕುಡಿಯಬಾರದು.

ಹಜರಾಬಿ ಮಲೀದದ ತಾಟನ್ನೇ ನೋಡುತ್ತ ಕುಳಿತಿದ್ದಳು. "ಹಂಗಾದ್ರ ನನ್ನ ಕೈಯಾರ ನಾನ ನಿಮಗ ರೋಗ ಉಣಿಸೀನೇನ್ರಿ?"

"ನೀ ಜೀವ ಇಟ್ಟ ಉಣಿಸೀದಿ," ಎಂದ ಬಾದಶಹಾ. "ಸಾಕ ಅನ್ನಾಕ ನನಗ ಬಾಯಿ ಬರಲಿಲ್ಲ."

ಅಂದಿನಿಂದ ಅಂಗಡಿಗೆ ಚಹಾದ ಬದಲು ಮನೆಯ ಮಜ್ಜಿಗೆ ಬರತೊಡಗಿತು. ಸಂಜೆ ಗಂಡಹೆಂಡಿರು ಹೊಲದ ಹಾದಿ ಹಿಡಿದರು. ಗಂಡನ ಪಕ್ಕದಲ್ಲಿ ನಡೆಯಲು ನಾಚಿ ಅವಳು ಹಿಂದುಳಿಯುವಳು. ಚಪ್ಪಲಿ ಸರಿಪಡಿಸಿಕೊಳ್ಳುವ ನೆವದಲ್ಲಿ ಅವನು ನಿಂತು ಕಾಯುವನು. ಹಬ್ಬದ ದಿನ ಅವನಿಗೆ ಶೀರಖುರ್ಮಾದ ಆಸೆ ಹೆಚ್ಚಾಗಿ ಅಡಿಗೆಮನೆಗೆ ನುಗ್ಗಿದ್ದೂ ಉಂಟು, ಬೈಸಿಕೊಂಡದ್ದೂ ಉಂಟು. ಮುಂದಿನ ತಪಾಸಣೆಯಲ್ಲಿ ಕೊಬ್ಬು ಇಳಿದಿದೆಯೆಂದು ಡಾಕ್ಟರು ಹೇಳಿದರು.

ಮದುವೆಯೊಂದರಲ್ಲಿ ನಾದಿನಿ ಶಮಾ ಅಣಕಿಸಿದಳು. ಅಣ್ಣ ಇಳಿದುಹೋಗಿದ್ದಾನೆ, ವೈನಿ ಅವನಿಗೆ ಉಣ್ಣಲು ಹಾಕುವುದಿಲ್ಲವೇ ಎಂದು.

ಹಜರಾಬಿ ತಲೆ ತಗ್ಗಿಸಲಿಲ್ಲ. "ಹಾಕ್ತೀನವ್ವಾ. ನನ್ನ ಜೋಡಿ ಭಾಳ ವರ್ಷ ಇರಬೇಕಲ್ಲ, ಅದಕ್ಕ ಎಷ್ಟ ಬೇಕೋ ಅಷ್ಟ ಹಾಕ್ತೀನಿ."

ಓದುಗರೇ, ನಿಮ್ಮ ಮನೆಯಲ್ಲಿಯೂ ಹೊಟ್ಟೆ ಬೆಳೆದವರು, ಸಕ್ಕರೆ ಕಾಯಿಲೆಯವರು ಇದ್ದಾರು. ಈ ವಾರವೇ ಅವರನ್ನು ಸಮೀಪದ ದವಾಖಾನೆಗೆ ಕರೆದೊಯ್ದು ತಪಾಸಣೆ ಮಾಡಿಸಿರಿ, ರೋಗವಿದೆಯೆಂದರೆ ಮುಚ್ಚಿಡಬೇಡಿರಿ. ಇಂದು ಸಂಜೆಯೇ ಅವರನ್ನು ಎಬ್ಬಿಸಿಕೊಂಡು ಒಟ್ಟಿಗೆ ನಡೆಯಲು ಹೊರಡಿರಿ.