ಅಳಿಸುವವರು ಹೆಸರು ಬರೆಯಲಿ

"ಮೇಷ್ಟ್ರ ಮೆಷೀನ್ ಮೇಲೇ ತೋರಿಸಿಬಿಡೋಣ," ಎಂದ ತಂಡದ ಮುಖ್ಯಸ್ಥ, ಎಲ್ಲರ ಬಾಯಲ್ಲಿ ಕ್ಯಾಪ್ಟನ್. ಮೀಟಿಂಗ್ ರೂಮಿನಲ್ಲಿದ್ದ ಗಿರಾಕಿಗಳು ನಕ್ಕರು. ತಂಡಕ್ಕೆಲ್ಲ ಹಿರಿಯರೆಂದು ಮೇಷ್ಟ್ರು ಎನಿಸಿಕೊಂಡಿದ್ದವರು ಕೈಯಲ್ಲಿದ್ದ ಲೋಟ ಕೆಳಗಿಡುವಷ್ಟರಲ್ಲಿ ಅವನು ಬಟನ್ ಒತ್ತಿಯಾಗಿತ್ತು.

ಒಂದೇ ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ ಹತ್ತಾರು ಕಂಪ್ಯೂಟರುಗಳನ್ನು ಸಾಕುವ ಸಾಫ್ಟ್‌ವೇರ್ ಅವರದು. ಒಳಗಿನ ಒಂದೊಂದು ಮೆಷೀನಿಗೂ ಒಂದೊಂದು ಹೆಸರು. ಯಾವುದನ್ನೇ ಆಗಲಿ ಇದ್ದ ಹಾಗೇ ಹಿಡಿದಿಡಬಹುದು, ಕೆಟ್ಟರೆ ಆ ಗಳಿಗೆಗೆ ವಾಪಸ್ ತರಬಹುದು. ಅದಕ್ಕೆ ಸ್ನ್ಯಾಪ್‌ಶಾಟ್ ಎನ್ನುತ್ತಿದ್ದರು. ಮೇಷ್ಟ್ರು ತಮ್ಮ ಮೆಷೀನಿಗೆ ಮಗಳ ಹೆಸರನ್ನೇ ಇಟ್ಟಿದ್ದರು: ಪುಟ್ಟಿ. ಗೋಡೆಯ ಪರದೆಯ ಮೇಲೆ ಪುಟ್ಟಿ ಒಮ್ಮೆ ಮಿನುಗಿ, ಹೋದ ತಿಂಗಳಿಗೆ ಹೋಗಿ ಕೂತಿತು.

"ನೋಡಿದ್ರಾ? ಕಣ್ಣು ಮಿಟುಕಿಸೋದ್ರೊಳಗೆ!"

"ಅಯ್ಯೋ, ನನ್ನ ಬ್ಯಾಕಪ್ ಕೆಲಸವೆಲ್ಲ ಅದರಲ್ಲೇ ಇತ್ತಲ್ಲಪ್ಪ," ಎಂದರು ಮೇಷ್ಟ್ರು.

"ಬೇರೆ ಡಿಸ್ಕಲ್ಲಿ ಕಾಪಿ ಇಟ್ಟಿರ್ತೀರಲ್ಲ? ಸ್ನ್ಯಾಪ್‌ಶಾಟ್ ಬೇರೆ, ಬ್ಯಾಕಪ್ ಬೇರೆ ಅಂತ ದಿನಾ ನಮ್ಮ ತಲೆ ತಿಂತೀರಿ."

ಮೆಷೀನುಗಳ ನಕಲನ್ನು ಬೇರೆ ಡಿಸ್ಕಿಗೆ ತೆಗೆದಿಡುವ ಬ್ಯಾಕಪ್ ಭಾಗವನ್ನು ಬರೆಯುತ್ತಿದ್ದವರೇ ಮೇಷ್ಟ್ರು. ಬ್ಯಾಕಪ್ ಕೆಲಸ ಮುಗಿದ ಮೇಲೆ ಅದರಿಂದಲೇ ಮೊದಲ ಕಾಪಿ ತೆಗೆಯಬೇಕೆಂಬ ಆಸೆ ಅವರದು.

"ಇಲ್ವಾ? ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!"

ರೂಮೆಲ್ಲ ಗೊಳ್ಳೆಂದಿತು. ಮೂಲೆಯಲ್ಲಿ ಕೂತಿದ್ದ, ಈ ಸಾಫ್ಟ್‌ವೇರಿನ ಪರದೆಗಳನ್ನು ರೂಪಿಸುವ ಹುಡುಗಿಯೂ ನಕ್ಕಳು, ಸ್ವಲ್ಪ ತಡವಾಗಿ.

ಅವಳಿಗೆ ಮಾತ್ರ ಗೊತ್ತಿದ್ದ ಒಂದು ಸಂಗತಿ ಇತ್ತು. ಹಿಂದಕ್ಕೆ ಹೋಗುವ ಮುನ್ನ ಈಗಿನ ಸ್ಥಿತಿಯನ್ನೂ ತಾನಾಗಿ ಹಿಡಿದಿಡುವ ಏರ್ಪಾಡನ್ನು ಅವಳು ಹಿಂದಿನ ದಿನವಷ್ಟೇ ಸೇರಿಸಿದ್ದಳು. ಸರಿಯಾಗಿ ನಡೆದರೆ ಹೇಳೋಣವೆಂದು ಬಾಯಿ ಬಿಟ್ಟಿರಲಿಲ್ಲ. ತನ್ನ ಸೀಟಿಗೆ ಬಂದು ನೋಡಿದಳು. ನಡೆದಿತ್ತು. ಮೇಷ್ಟ್ರ ಕೆಲಸ ಒಂದಕ್ಷರ ಅಳಿಯದೆ ಅಲ್ಲಿತ್ತು.

ಹೇಳಲೆಂದೇ ತಿರುಗಿದಳು. ಅಷ್ಟರಲ್ಲಿ ಕ್ಯಾಪ್ಟನ್ ಹಿಂದೆ ಬಂದು ನಿಂತ.

"ಗಿರಾಕಿಗಳು ಮುಂದಿನ ವಾರ ಮತ್ತೆ ಬರ್ತಾರೆ. ನಾನು ಹೇಳಿದ್ದು ನೆನಪಿದೆ ತಾನೇ? ನಿಮ್ಮಿಬ್ಬರಲ್ಲಿ ಯಾರ ಭಾಗ ಮುಗಿದಿರುತ್ತೋ ಅವರ ಕುರ್ಚಿ ಉಳಿಯುತ್ತೆ. ಇನ್ನೊಬ್ಬರದು ಇಲ್ಲ." ಮೇಷ್ಟ್ರ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ಇನ್ನು ನಿನಗೇನು ಭಯ ಬಿಡು. ಡಿಸ್ಕ್ ತುಂಬಿ ಕೆಂಪು ತೋರಿಸ್ತಿದೆ, ಬೇಡದ್ದೆಲ್ಲ ತೆಗೆದುಹಾಕು."

ಬೆಳಿಗ್ಗೆ ಮನೆ ಬಿಡುವಾಗಲೂ ಅಮ್ಮ ಬಾಗಿಲಲ್ಲಿ ನಿಂತು ಕೇಳಿದ್ದಳು: "ಕೆಲಸ ಗಟ್ಟಿ ಆಯ್ತೇನೇ?" ಹುಡುಗಿಯ ಭಾಗ ಇನ್ನೂ ಅರ್ಧಕ್ಕೇ ನಿಂತಿತ್ತು. ಮೇಷ್ಟ್ರದು ಮುಗಿಯುತ್ತಾ ಬಂದಿತ್ತು.

"ತಾಯಿ," ಪಕ್ಕದ ಕುರ್ಚಿಯಿಂದ ಮೇಷ್ಟ್ರು ಬಾಗಿದರು. "ಅದನ್ನ ವಾಪಸ್ ತರೋಕೆ ಏನಾದ್ರೂ ದಾರಿ ಇದೆಯೇನಮ್ಮ?"

"ಇಲ್ಲ ಸಾರ್."

"ಹೋಗ್ಲಿ ಬಿಡು. ನೀನ್ಯಾಕೆ ಮುಖ ಸಣ್ಣ ಮಾಡ್ಕೋತೀಯ?"

ಮೇಷ್ಟ್ರ ಕೆಲಸವಿದ್ದ ಆ ಸ್ನ್ಯಾಪ್‌ಶಾಟನ್ನು ಆರಿಸಿ ಅವಳು ಅಳಿಸುವ ಬಟನ್ ಒತ್ತಿದಳು. ಪ್ರಶ್ನೆ ಬಂತು: ಇದು ಮರಳಿ ಸಿಗುವುದಿಲ್ಲ. ಅಳಿಸಲು ಮೆಷೀನಿನ ಹೆಸರನ್ನು ಬರೆಯಿರಿ.

ಅವಳದೇ ಪರದೆ, ಮೇಷ್ಟ್ರದೇ ಸಲಹೆ. ಮೊದಲು ಅಲ್ಲಿ ಬರೀ 'ಹೌದು', 'ಬೇಡ' ಎಂದಿತ್ತು. "ಹೌದು ಅನ್ನೋಕೆ ಬೆರಳಿಗೇನು ಕಷ್ಟ?" ಎಂದಿದ್ದರು ಅವರು. "ಅಳಿಸೋರು ಅದರ ಹೆಸರು ಬರೀಲಿ. ಬರೆಯುವಾಗಲಾದ್ರೂ ಕೈ ತಡೆಯುತ್ತೆ."

ಪಕ್ಕದಲ್ಲಿ ಮೇಷ್ಟ್ರು ಫೋನ್ ಹಿಡಿದಿದ್ದರು. "ಪುಟ್ಟೀ, ಅಪ್ಪ ಬರೋದು ತಡ ಆಗುತ್ತೆ ಕಣೇ... ಹೂಂ, ಮತ್ತೆ ಮೊದಲಿಂದ ಮಾಡ್ಬೇಕು... ನೀನು ಉಂಡು ಮಲಕ್ಕೋ, ಜಾಣೆ."

ಅವರು ಮಾತು ಮುಗಿಸುವಷ್ಟರಲ್ಲಿ ಅವಳು ಹೆಸರು ಬರೆದು ಮುಗಿಸಿದ್ದಳು. ಡಿಸ್ಕಿನ ಕೆಂಪು ಪಟ್ಟಿ ನಿಧಾನಕ್ಕೆ ಕುಗ್ಗಿ ಹಸಿರಾಯಿತು.

ಮೇಷ್ಟ್ರು ಅಂಗಿಯ ತೋಳು ಮಡಿಸಿಕೊಂಡು ಖಾಲಿ ಪುಟ ತೆರೆದರು. ಡ್ರಾಯರಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು, ಬಾಯಿ ಹರಿದು, ಮೊದಲು ಅವಳ ಕಡೆಗೆ ಸರಿಸಿದರು. ಅವಳು ಒಂದನ್ನು ತೆಗೆದುಕೊಂಡಳು. ಕೀಲಿಗಳ ಮೇಲೆ ಪುಡಿ ಉದುರದಂತೆ, ಇನ್ನೊಂದು ಕೈ ಒಡ್ಡಿಕೊಂಡು ತಿಂದಳು.