ಮೀರಿಮ್‌ಳನ್ನು ಕರೆತಂದ ದಿನ

"ಅಲ್ಮಾತಿ ವಿಷಯ ನೀನಾಗೇ ಎತ್ತಬೇಡ. ಅವರು ಎತ್ತಿದ್ರೂ ನೀನು ಬಾಯಿ ಬಿಡ್ಬೇಡ, ನಾನು ನೋಡ್ಕೋತೀನಿ," ಎಂದು ಬುರ್ಮಾಕನ್ ಆಂದಿಜಾನ್ ಕೋರ್ಟಿನ ಮೆಟ್ಟಿಲೇರುತ್ತಾ ಮೂರನೇ ಸಲ ಹೇಳಿದಳು. ಕಿರ್ಗಿಜರ ನಾಡಿನ ಓಶ್ ಪಟ್ಟಣದಲ್ಲಿ ಬಡವರ ಕೇಸುಗಳನ್ನು ಪುಕ್ಕಟೆ ನಡೆಸುವ ವಕೀಲೆ ಆಕೆ. ಮಂಡಿನೋವಿಗೆ ಪ್ರತಿ ಮೆಟ್ಟಿಲನ್ನೂ ಬೈಯುತ್ತಿದ್ದಳು.

"ಆಗ್ಲಿ ಅಕ್ಕ," ಎಂದಳು ಸಿರ್ಗಾ, ತಲೆವಸ್ತ್ರದ ಗಂಟು ಬಿಗಿಯುತ್ತಾ.

ಸಿರ್ಗಾಳ ಗಂಡ ಶೆರ್ಮತ್ ರಷ್ಯಾಕ್ಕೆ ದುಡಿಯಲು ಹೋದವನು ಇನ್ನೊಬ್ಬಳೊಡನೆ ಸಂಸಾರ ಹೂಡಿದ್ದ. ವಿಚ್ಛೇದನದ ಕಾಗದ ಅಲ್ಲಿಂದಲೇ ಬಂತು. ಮಗಳು ಮೀರಿಮ್ ಗಡಿಯಾಚೆ, ಉಜ್ಬೆಕರ ನಾಡಿನ ಆಂದಿಜಾನಿನಲ್ಲಿ, ಅವನ ತಾಯಿಯ ಬಳಿಯೇ ಉಳಿದಳು. ಕೇಳಲು ಹೋದಾಗಲೆಲ್ಲ ಸಿರ್ಗಾಳಿಗೆ ಸಿಕ್ಕಿದ್ದು ಮುಚ್ಚಿದ ಬಾಗಿಲು. ಮಗು ತಾಯಿಗೇ ಸೇರಬೇಕೆಂದು ಓಶ್ ಕೋರ್ಟು ಹೇಳಿತೇನೋ ಸರಿ, ಗಡಿ ದಾಟಿದರೆ ಆ ತೀರ್ಪು ಬರೀ ಕಾಗದ. ಅದನ್ನು ಉಜ್ಬೆಕ್ ಭಾಷೆಗೆ ತಿರುಗಿಸಿ, ಮುದ್ರೆ ಒತ್ತಿಸಿ, ಇಲ್ಲಿನ ನ್ಯಾಯಾಧೀಶರ ಮುಂದಿಡುವಷ್ಟರಲ್ಲಿ ಹದಿನಾಲ್ಕು ತಿಂಗಳು ಕಳೆದಿದ್ದವು.

ಒಳಗೆ ಅತ್ತೆ ಹುರ್ಷಿದಾ ಎದ್ದು ನಿಂತಳು. "ಸ್ವಾಮಿ, ಇವಳು ಕೂಸನ್ನ ನನ್ನ ಮಡಿಲಿಗೆ ಹಾಕಿ ಎರಡು ವರ್ಷ ಅಲ್ಮಾತೀಲಿದ್ಲು. ಜ್ವರ ಬಂದಾಗ ರಾತ್ರಿಯೆಲ್ಲಾ ಎದೆಗವಚಿಕೊಂಡೋಳು ನಾನು. ಹೆತ್ತುಬಿಟ್ರೆ ತಾಯಿ ಆಗ್ಬಿಡ್ತಾಳಾ?"

"ಅದೆಲ್ಲ ಓಶ್‌ನಲ್ಲೇ ತೀರ್ಮಾನ ಆಗಿದೆ," ಎಂದು ಬುರ್ಮಾಕನ್ ಥಟ್ಟನೆ ಎದ್ದಳು. ನ್ಯಾಯಾಧೀಶರೂ ತಲೆಯಾಡಿಸಿದರು. "ನೀವು ಉತ್ತರ ಕೊಡಲೇಬೇಕೂಂತಿಲ್ಲಮ್ಮ."

"ಕೊಡ್ತೀನಿ," ಎಂದಳು ಸಿರ್ಗಾ. ವಕೀಲೆ ತೋಳು ಹಿಡಿದೆಳೆದರೂ ಕೂರಲಿಲ್ಲ. "ಅವರು ಹೇಳಿದ್ದು ನಿಜ. ಗಂಡ ಕೈಬಿಟ್ಟಾಗ ದುಡಿಯೋಕೆ ಅಲ್ಮಾತಿಯ ಹೊಲಿಗೆ ಕಾರ್ಖಾನೆಗೆ ಹೋದೆ. ನನ್ನ ಮಗಳನ್ನ ಅತ್ತೆ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ರು. ಇಲ್ಲ ಅಂದ್ರೆ ನನ್ನ ಬಾಯಲ್ಲಿ ಹುಳ ಬೀಳ್ಲಿ. ಆದ್ರೆ ನೋಡ್ಕೊಳ್ಳಿ ಅಂತ ಬಿಟ್ಟುಹೋಗಿದ್ದೆ ಸ್ವಾಮಿ, ಬಿಟ್ಟುಕೊಟ್ಟಿರ್ಲಿಲ್ಲ."

ಹುರ್ಷಿದಾ ಮೆಲ್ಲಗೆ ಕುಳಿತಳು. ಓಶ್‌ನ ತೀರ್ಪು ಇಲ್ಲಿಗೂ ಸಲ್ಲುತ್ತದೆಂದು ಸಂಜೆಯೊಳಗೆ ಆದೇಶವಾಯಿತು.

ಮಗುವನ್ನು ಒಪ್ಪಿಸುವ ದಿನ ಕೋರ್ಟಿನ ಅಮೀನನೊಡನೆ ಅವರು ಆ ಮನೆಯ ಮುಂದೆ ನಿಂತರು. ಈ ಸಲ ಬಾಗಿಲು ತೆರೆದಿತ್ತು. ಏಳು ವರ್ಷದ ಮೀರಿಮ್ ಅಜ್ಜಿಯ ಹಿಂದೆ ಅಡಗಿ ಉಜ್ಬೆಕ್‌ನಲ್ಲಿ ಕೇಳಿದಳು: "ಯಾರಜ್ಜಿ ಇವ್ರು?"

ಸಿರ್ಗಾಳಿಗೆ ಆ ಮಾತು ಅರ್ಥವಾಯಿತು.

"ಎತ್ಕೊಂಡು ನಡಿ," ಎಂದು ಬುರ್ಮಾಕನ್ ಪಿಸುಗುಟ್ಟಿದಳು. "ಕಾಗದ ಕೈಲಿದೆ."

ಸಿರ್ಗಾ ಕದಲಲಿಲ್ಲ. "ಅತ್ತೆ, ನೀವೂ ಬನ್ನಿ ಓಶ್‌ಗೆ. ಹದಿನೈದು ದಿನ ಇರಿ. ಅವಳಿಗೆ ನನ್ನ ಪರಿಚಯ ಮಾಡಿಸಿ."

"ಗೆದ್ದೋಳು ಕರೆದ್ಲು ಅಂತ ಸೋತೋಳು ಬಾಲ ಮುದುರ್ಕೊಂಡು ಬರ್ಬೇಕಾ?"

"ನಾನಂತೂ ಇವತ್ತು ಅವಳನ್ನ ಕರ್ಕೊಂಡೇ ಹೋಗೋದು. ಅದ್ರಲ್ಲಿ ಎರಡು ಮಾತಿಲ್ಲ. ಅಳ್ತಾ ಬರ್ತಾಳೋ ನಗ್ತಾ ಬರ್ತಾಳೋ, ಅದು ನಿಮ್ಮ ಕೈಲಿದೆ."

ಹುರ್ಷಿದಾ ಒಳಗೆ ಹೋದಳು. ಅಮೀನ ಎರಡು ಸಲ ಗಡಿಯಾರ ನೋಡಿಕೊಂಡ. ಬಹಳ ಹೊತ್ತಿನ ಮೇಲೆ ಆಕೆ ಹೊರಬಂದಾಗ ಮೈಮೇಲೆ ಒಳ್ಳೆಯ ಕೋಟಿತ್ತು, ಕೈಯಲ್ಲಿ ಪಾಸ್‌ಪೋರ್ಟಿತ್ತು. "ಹದಿನೈದಲ್ಲ, ಒಂದು ತಿಂಗಳು," ಎಂದಳು, ಸೊಸೆಯ ಮುಖ ನೋಡದೆ.

ಗಡಿಯ ಚೌಕಿಯಲ್ಲಿ ಕಿರ್ಗಿಜರಿಗೊಂದು ಸಾಲು, ಉಜ್ಬೆಕರಿಗೊಂದು ಸಾಲು, ನಡುವೆ ಕಬ್ಬಿಣದ ಕಂಬಿ. ಮೀರಿಮ್ ತಾಯಿಯ ಸಾಲಿನಲ್ಲಿ ನಿಂತಿದ್ದಳು, ಒಂದು ಕೈ ಮಾತ್ರ ಕಂಬಿಯಾಚೆ ಅಜ್ಜಿಯ ಮುಷ್ಟಿಯಲ್ಲಿ. ಆ ಕಡೆಯ ಸಾಲು ಮುಂದೆ ಸರಿಯಿತು. ಹುರ್ಷಿದಾ ಸರಿಯಲಿಲ್ಲ, ಹಿಂದಿನವರು ಗೊಣಗಿದರೂ ನಿಂತೇ ಇದ್ದಳು. ಈ ಕಡೆಯ ಸಾಲೂ ಸರಿದಾಗ ಮೂವರೂ ಒಟ್ಟಿಗೆ ಒಂದು ಹೆಜ್ಜೆ ಮುಂದಿಟ್ಟರು.